ಬಳಲಿದವನ ಪ್ರಾರ್ಥನೆ: ಹಾಪ್ಕಿನ್ಸ್ ಕವಿಯ ಡಬ್ಲಿನ್ ಸುನೀತಗಳು

ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸನು (1844–1889) ಡಬ್ಲಿನ್ ನಗರದಲ್ಲಿದ್ದಾಗ, ಬಹುಮಟ್ಟಿಗೆ 1885ರಲ್ಲಿ, ರಚಿಸಿದನೆಂದು ತಿಳಿಯಲಾಗಿರುವ ಆರು ಸುನೀತಗಳನ್ನು ‘ಭೀಕರ ಸುನೀತಗಳು’ ಎಂದು ಕರೆಯುವುದು ಆಂಗ್ಲ ವಿಮರ್ಶೆಯಲ್ಲಿ ವಾಡಿಕೆಯಾಗಿದೆ. ಈ ಹೆಸರು ಕವಿಯು ಇಟ್ಟುದಲ್ಲ. ಆದರೂ ಹೆಸರಿನ ಪ್ರಭಾವ ಓದಿನ ಮೇಲೆ ಬಿದ್ದಿದೆ. ಭೀಕರವಾದುದಕ್ಕೆ ಭೀಕರವಾದ ಕಾರಣವೊಂದು ಇರಲೇಬೇಕೆಂದು ಭಾವಿಸಿ, ಕೆಲವರು ಇಲ್ಲಿ ಶ್ರದ್ಧೆಯ ಕುಸಿತವನ್ನು ಕಂಡರು. ಕೆಲವರು ಅನುಭಾವಿಗಳ ‘ಕಗ್ಗತ್ತಲ ರಾತ್ರಿ’ಯನ್ನು ಕಂಡು, ಕವಿಯನ್ನು ಸಂತರ ಸಾಲಿನಲ್ಲಿ ಕುಳ್ಳಿರಿಸಿದರು. ಮೊದಲನೆಯವರಿಗೆ ಈ ಪದ್ಯಗಳು ಪ್ರಾರ್ಥನೆಯ ಸೋಲು, ಎರಡನೆಯವರಿಗೆ ಪ್ರಾರ್ಥನೆಯ ಉನ್ನತ ಸೋಪಾನ. ಇವೆರಡರ ನಡುವೆ ಒಂದು ಸಾಮಾನ್ಯ ಸಂಗತಿ ಮರೆಯಾಗಿದೆ: ಈ ಮನುಷ್ಯನು ದಣಿದಿದ್ದನು. ಜೀವನಚರಿತ್ರಕಾರರು ಈ ದಣಿವನ್ನು ಗುರುತಿಸದೆ ಇಲ್ಲ. ಆದರೆ ಅದನ್ನು ಹಿನ್ನೆಲೆಯಲ್ಲಿ ನಿಲ್ಲಿಸಿ ಮುಂದೆ ಹೋಗುವುದೇ ಹೆಚ್ಚು. ಕವಿತೆಯ ಮಾತಿನ ರೀತಿಯಲ್ಲಿಯೇ ಆ ದಣಿವು ಹೇಗೆ ಕೆಲಸಮಾಡಿದೆ, ದಣಿದವನು ಮಾಡಬಲ್ಲ ಪ್ರಾರ್ಥನೆಯ ಸ್ವರೂಪವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದಣಿವಿನ ಮೂಲವನ್ನು ತಿಳಿಯಲು ಹೆಚ್ಚಿನ ಶೋಧನೆ ಬೇಕಾಗಿಲ್ಲ. 1866ರಲ್ಲಿ ಕಥೋಲಿಕ ಮತವನ್ನು ಸ್ವೀಕರಿಸಿ, 1868ರಲ್ಲಿ ಯೇಸುಸಭೆಯನ್ನು ಸೇರಿ, 1877ರಲ್ಲಿ ಗುರುದೀಕ್ಷೆ ಪಡೆದ ಹಾಪ್ಕಿನ್ಸನು, ಲಿವರ್‌ಪೂಲ್, ಗ್ಲಾಸ್ಗೊ ಮೊದಲಾದೆಡೆಗಳಲ್ಲಿ ಸೇವೆಮಾಡಿ, 1884ರ ಫೆಬ್ರವರಿಯಲ್ಲಿ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿಗೆ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿ ಬಂದನು. ಐರ್ಲೆಂಡಿನ ರಾಯಲ್ ವಿಶ್ವವಿದ್ಯಾಲಯವು ಮುಖ್ಯವಾಗಿ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆ. ಅದರ ಫೆಲೋ ಆದವನು ಪಾಠ ಹೇಳುವುದರ ಜೊತೆಗೆ ಪರೀಕ್ಷಕನೂ ಆಗಬೇಕಾಗಿತ್ತು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ 1857ರಲ್ಲಿ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳೂ ಮೊದಲಿಗೆ ಇದೇ ಜಾತಿಯವೆಂಬುದನ್ನು ನೆನೆದರೆ, ಈ ಕವಿಯ ಪಾಡು ನಮಗೆ ಅಷ್ಟೇನೂ ದೂರದ್ದೆಂದು ತೋರದು. ತನ್ನ ಮುಂದೆ 557 ಉತ್ತರಪತ್ರಿಕೆಗಳಿವೆಯೆಂದು ಒಂದು ಪತ್ರದಲ್ಲಿ ಅವನು ಗೆಳೆಯ ರಾಬರ್ಟ್ ಬ್ರಿಜಸ್ ಕವಿಗೆ ತಿಳಿಸುತ್ತಾನೆ. ಮತ್ತೊಂದರಲ್ಲಿ ಮೊದಲನೆಯ ಪ್ಯೂನಿಕ್ ಯುದ್ಧವನ್ನು ಕುರಿತ 331 ಉತ್ತರಗಳನ್ನು ಓದಿ ತಾನು ಕೆಸರುಮಟ್ಟಕ್ಕೆ ಇಳಿದುಹೋದ ಬಗೆಯನ್ನು ಹೇಳುತ್ತಾನೆ. ಅಂಕದ ಭಿನ್ನಾಂಶಗಳಿಗೂ ಮನಸ್ಸಾಕ್ಷಿಯನ್ನು ತೊಡಗಿಸುತ್ತಿದ್ದ ಪರೀಕ್ಷಕ ಅವನೆಂದು ಹೇಳುವುದುಂಟು. ಮೌಲ್ಯಮಾಪನದ ದಿನಗಳನ್ನು ಕಳೆದಿರುವ ನಮ್ಮ ಓದುಗರು ಇದನ್ನು ಕೇಳಿ ನಗಬಹುದು. ಆ ನಗೆಯಲ್ಲಿ ಪರಿಚಯದ ಅಂಶವೂ ಇರುತ್ತದೆ.

1885ರ ಮೇ ತಿಂಗಳ ಪತ್ರದಲ್ಲಿ ತನ್ನ ಖಿನ್ನತೆ ಹುಚ್ಚನ್ನು ಹೋಲುತ್ತದೆಂದೂ, ಸ್ಥಳ ಬದಲಾವಣೆಯೊಂದೇ ಅದಕ್ಕೆ ಪರಿಹಾರವೆಂದೂ, ಅದು ತನಗೆ ಅಪರೂಪವೆಂದೂ ಬರೆಯುತ್ತಾನೆ. ಅದೇ ವರ್ಷದ ಸೆಪ್ಟೆಂಬರ್ 1ರ ಪತ್ರದಲ್ಲಿ, ಕೆಲವು ಸುನೀತಗಳು ತನ್ನ ಇಚ್ಛೆಗೆ ವಿರೋಧವಾಗಿ, ಕರೆಯದೆ ಬಂದವೆಂದು ಹೇಳುವಾಗ, ತನ್ನ ಮನಸ್ಸಿನ ಸ್ಥಿತಿಗೆ ‘ಜೇಡೆಡ್’ ಎಂಬ ವಿಶೇಷಣವನ್ನು ಬಳಸುತ್ತಾನೆ. ‘ಜೇಡ್’ ಎಂದರೆ ದುಡಿದು ಸೋತ ಮುದಿಕುದುರೆ. ಈ ಮಾತನ್ನು ನಾವು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗಿದೆ.

ಇಂಥ ದಣಿವಿಗೆ ಕ್ರೈಸ್ತ ಪ್ರಾರ್ಥನೆಯ ಶಾಸ್ತ್ರದಲ್ಲಿ ಸ್ಥಾನವೆಲ್ಲಿ? ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸನು ‘ಅಕೇಡಿಯ’ ಎಂಬ ದುರ್ಭಾವವನ್ನು ವರ್ಣಿಸಿದ್ದಾನೆ. ನಡುಹಗಲಿನಲ್ಲಿ ಬಂದು ಕಾಡುವ ಈ ಪಿಶಾಚಿ ಸನ್ಯಾಸಿಗೆ ಹೊತ್ತು ಸರಿಯದಂತೆ ತೋರಿಸುತ್ತದೆ, ಕಿಟಕಿಯ ಕಡೆಗೆ ಕಣ್ಣು ಹೊರಳಿಸುತ್ತದೆ, ಇರುವ ಜಾಗದ ಮೇಲೆ ಜಿಗುಪ್ಸೆ ಹುಟ್ಟಿಸುತ್ತದೆ. ಇದು ಎದುರಿಸಿ ಗೆಲ್ಲಬೇಕಾದ ಕೇಡು. ಶಿಲುಬೆಯ ಸಂತ ಯೋಹಾನನ (1542–1591) ‘ರಾತ್ರಿ’ಯು ಇದಕ್ಕಿಂತ ಬೇರೆ: ಅದು ದೇವರೇ ಆತ್ಮವನ್ನು ಶೋಧಿಸುವ ಶುಷ್ಕತೆ. ಆದರೆ ಯೋಹಾನನನ್ನು ಉದಾಹರಿಸುವವರು ಅವನ ಎಚ್ಚರಿಕೆಯನ್ನು ಮರೆಯುತ್ತಾರೆ. ಎಲ್ಲ ಶುಷ್ಕತೆಯೂ ದೈವಿಕವಲ್ಲ, ದೇಹದ ಅಸ್ವಾಸ್ಥ್ಯದಿಂದ, ವಿಷಾದದ ಪ್ರಕೃತಿಯಿಂದ ಹುಟ್ಟುವ ಶುಷ್ಕತೆಯೂ ಉಂಟು, ಇವನ್ನು ಬೇರ್ಪಡಿಸಿ ನೋಡಬೇಕು ಎಂದು ಅವನೇ ಹೇಳಿದ್ದಾನೆ. ಎರಡೂ ಒಟ್ಟಿಗೆ ಇರಬಹುದೆಂದೂ ಒಪ್ಪಿದ್ದಾನೆ. ಹಾಪ್ಕಿನ್ಸನ ವಿಮರ್ಶಕರಿಗಿಂತ ಹದಿನಾರನೆಯ ಶತಮಾನದ ಈ ಸಂತನೇ ಈ ವಿಷಯದಲ್ಲಿ ಸೂಕ್ಷ್ಮದೃಷ್ಟಿಯುಳ್ಳವನು.

ಆದರೆ ಹಾಪ್ಕಿನ್ಸನಿಗೆ ದಿನನಿತ್ಯದ ಗುರು ಯೋಹಾನನಲ್ಲ; ಯೇಸುಸಭೆಯ ಸ್ಥಾಪಕನಾದ ಲೊಯೋಲದ ಸಂತ ಇಗ್ನೇಷಿಯಸನು. ಅವನ ‘ಆಧ್ಯಾತ್ಮಿಕ ಸಾಧನೆಗಳು’ (1548) ಎಂಬ ಗ್ರಂಥದಲ್ಲಿ, ಸಾಂತ್ವನವಿಲ್ಲದ ಕಾಲದಲ್ಲಿ ಸಾಧಕನು ನಡೆದುಕೊಳ್ಳಬೇಕಾದ ನಿಯಮಗಳಿವೆ. ಹಿಂದೆ ಮಾಡಿದ ಸಂಕಲ್ಪವನ್ನು ಆಗ ಬದಲಿಸಕೂಡದು ಎಂಬುದು ಐದನೆಯದು. ಪ್ರಾರ್ಥನೆ, ಆತ್ಮಪರೀಕ್ಷೆ, ದೇಹದಂಡನೆಗಳನ್ನು ಹೆಚ್ಚಿಸಿ ಆ ಸ್ಥಿತಿಯನ್ನು ಪ್ರತಿಭಟಿಸಬೇಕು ಎಂಬುದು ಆರನೆಯದು. ತಾಳ್ಮೆಯಿಂದಿರಬೇಕು ಎಂಬುದು ಎಂಟನೆಯದು. ಒಂದು ಗಂಟೆಯ ಧ್ಯಾನವು ಕಷ್ಟವಾದರೆ ಗಂಟೆಗಿಂತ ಸ್ವಲ್ಪ ಹೆಚ್ಚೇ ಕುಳಿತು ಶತ್ರುವನ್ನು ಸೋಲಿಸಬೇಕೆಂದು ಇನ್ನೊಂದು ಕಡೆ ಹೇಳಿದೆ. ಯೋಧನಾಗಿದ್ದವನು ಬರೆದ ನಿಯಮಗಳಿವು. ಸೋಮಾರಿತನಕ್ಕೂ ಭಯಕ್ಕೂ ಒಳ್ಳೆಯ ಮದ್ದು. ಆದರೆ ದುಡಿದುದರಿಂದಲೇ ಬತ್ತಿಹೋದವನಿಗೆ ಇನ್ನಷ್ಟು ದುಡಿಯೆಂದು ಹೇಳಿದರೆ ಆಗುವುದೇನು? ಆರನೆಯ ನಿಯಮಕ್ಕೂ ಎಂಟನೆಯ ನಿಯಮಕ್ಕೂ ಇಗ್ನೇಷಿಯಸನ ಮನಸ್ಸಿನಲ್ಲಿ ವಿರೋಧವಿರಲಿಲ್ಲ. ಡಬ್ಲಿನ್ನಿನ ಪರೀಕ್ಷಕನಲ್ಲಿ ಅವು ಪರಸ್ಪರ ಘರ್ಷಿಸಿದುವು. ಆ ಘರ್ಷಣೆಯೇ ಈ ಸುನೀತಗಳ ವಸ್ತುವೆಂದು ನಮ್ಮ ಅಭಿಪ್ರಾಯ.

‘ಕ್ಯಾರಿಯನ್ ಕಂಫರ್ಟ್’ ಎಂದು ಬ್ರಿಜಸನು ಹೆಸರಿಟ್ಟ ಸುನೀತವು ಆರನೆಯ ನಿಯಮದ ಕವಿತೆ. ಅದರ ಆರಂಭವೆಲ್ಲ ನಿಷೇಧಗಳಿಂದ ತುಂಬಿದೆ. ಹತಾಶೆಯನ್ನೇ ಎದುರಿಗೆ ನಿಲ್ಲಿಸಿಕೊಂಡು, ನಿನ್ನನ್ನು ಉಣ್ಣಲೊಲ್ಲೆ, ನನ್ನೊಳಗಿನ ಮನುಷ್ಯತ್ವದ ಕೊನೆಯ ಎಳೆಗಳನ್ನು ಬಿಚ್ಚಲೊಲ್ಲೆ ಎಂದು ಕವಿಯು ತಿರಸ್ಕರಿಸುತ್ತಾನೆ. ತನ್ನಿಂದ ಇನ್ನೂ ಆಗುವುದೇನೆಂದು ಎಣಿಸಿದಾಗ ಕೊನೆಗೆ ಉಳಿಯುವುದು ಇರವನ್ನು ನಿರಾಕರಿಸದಿರುವುದು ಮಾತ್ರ. ಬಲವಿದ್ದವನ ಸಂಕಲ್ಪವು ವಿಧಿರೂಪದಲ್ಲಿರುತ್ತದೆ. ಇಲ್ಲಿ ಸಂಕಲ್ಪವು ಎರಡು ನಿಷೇಧಗಳನ್ನು ಒಂದರ ಮೇಲೊಂದು ಹೇರಿಕೊಂಡು ಹೇಗೋ ನಿಂತಿದೆ. ಆದರೂ ಈ ಪದ್ಯದಲ್ಲಿ ಕಸುವಿದೆ. ಹೋರಾಡಿದವನು ದೇವರೊಡನೆಯೇ ಹೋರಾಡಿದೆನೆಂದು ತಿಳಿದುಕೊಳ್ಳುವ ಮುಕ್ತಾಯದಲ್ಲಿ, ಆದಿಕಾಂಡದ ಯಾಕೋಬನ ಮಲ್ಲಯುದ್ಧದ ನೆರಳಿದೆ. ಆ ಕತ್ತಲೆಯ ವರ್ಷವು ಆಗಲೇ ಮುಗಿದುಹೋದುದೆಂಬಂತೆ ಕವಿಯು ಮಾತನಾಡುತ್ತಾನೆ. ಮಿಕ್ಕ ಸುನೀತಗಳಲ್ಲಿ ಈ ಭೂತಕಾಲದ ನೆಮ್ಮದಿಯಿಲ್ಲ.

‘ನೋ ವರ್ಸ್ಟ್’ ಎಂಬುದು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇಲ್ಲಿ ಸಾಂತ್ವನಕಾರನಾದ ಪವಿತ್ರಾತ್ಮನನ್ನೂ ಮಾತೆ ಮರಿಯಳನ್ನೂ ಕವಿಯು ಕರೆಯುತ್ತಾನೆ; ಕರೆದುದಕ್ಕೆ ಉತ್ತರ ಬರುವುದಿಲ್ಲ. ಅಮೆರಿಕದ ವಿಮರ್ಶಕ ಐವರ್ ವಿಂಟರ್ಸ್ ಅವರು 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸುನೀತದ ಮೇಲೆ ಒಂದು ಪ್ರಬಲವಾದ ಆಕ್ಷೇಪವನ್ನು ಎತ್ತಿದ್ದಾರೆ. ಕವಿತೆಯಲ್ಲಿ ಭಾವದ ಆವೇಗವಿದೆ, ಅದಕ್ಕೆ ಪ್ರೇರಕವಾದ ಕಾರಣವಿಲ್ಲ, ಕವಿಯ ಸಂಕಟವನ್ನು ನಾವು ಬರಿಯ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿದೆ ಎಂಬುದು ಅವರ ವಾದದ ತಿರುಳು. ಹಾಪ್ಕಿನ್ಸನ ಅಭಿಮಾನಿಗಳು ಈ ಮಾತನ್ನು ತಳ್ಳಿಹಾಕಿದಷ್ಟು ಸುಲಭವಾಗಿ ಅದು ಹೋಗತಕ್ಕದ್ದಲ್ಲ. ಮನಸ್ಸಿನ ಪರ್ವತಗಳನ್ನೂ ಅಳತೆಗೆ ಸಿಕ್ಕದ ಪ್ರಪಾತಗಳನ್ನೂ ತರುವ ಷಟ್ಕದಲ್ಲಿ ಪ್ರತಿಮೆಯು ಅನುಭವಕ್ಕಿಂತ ಕೊಂಚ ದೊಡ್ಡದಾಗಿದೆಯೆಂದು ನಮಗೂ ಅನ್ನಿಸಿದೆ. ಆದರೆ ಕಾರಣವಿಲ್ಲವೆಂಬ ಆಕ್ಷೇಪಕ್ಕೆ ಬೇರೊಂದು ಉತ್ತರವುಂಟು. ಶೋಕಕ್ಕೆ ಕಾರಣವಿರುತ್ತದೆ, ಪಶ್ಚಾತ್ತಾಪಕ್ಕೂ ಇರುತ್ತದೆ. ಬಳಲಿಕೆಗೆ, ಅದರ ಸಂಕಟಕ್ಕೆ ತಕ್ಕಷ್ಟು ದೊಡ್ಡದಾದ ಕಾರಣ ಯಾವುದೂ ಸಿಕ್ಕುವುದಿಲ್ಲ. ಉತ್ತರಪತ್ರಿಕೆಗಳ ಕಟ್ಟು, ಕಣ್ಣಿನ ನೋವು, ಪರದೇಶದ ವಾಸ, ಮುಗಿಯದ ಬರವಣಿಗೆ: ಒಂದೊಂದೂ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಚಿಕ್ಕವು. ಕಾರಣವನ್ನು ಹೇಳಲಾರದಿರುವುದೇ ಆ ಸಂಕಟದ ಒಂದು ಭಾಗ. ಹೀಗಿರಲು, ಸುನೀತವು ಕಾರಣವನ್ನು ಹೇಳದಿರುವುದು ದೋಷವೆನ್ನುವುದಕ್ಕಿಂತ ಪ್ರಾಮಾಣಿಕತೆಯೆನ್ನುವುದು ಉಚಿತ.

ಈ ಪದ್ಯದ ಕೊನೆಯನ್ನು ನೋಡಬೇಕು. ಬಿರುಗಾಳಿಯಲ್ಲಿ ಸಿಕ್ಕಿದ ದೀನನಿಗೆ ಸಿಕ್ಕುವ ಆಸರೆ ಇಷ್ಟೇ: ಪ್ರತಿಯೊಂದು ದಿನವೂ ನಿದ್ರೆಯಲ್ಲಿ ಕೊನೆಗಾಣುತ್ತದೆ. ಇದು ಕ್ರೈಸ್ತ ಸಾಂತ್ವನವೇ ಅಲ್ಲವೆಂದು ಹೇಳುವವರುಂಟು. ಅವರು ಒಂದನೆಯ ಅರಸುಗಳ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಬಾಳನ ಪ್ರವಾದಿಗಳನ್ನು ಗೆದ್ದ ಎಲೀಯನು ಮರುದಿನವೇ ಪ್ರಾಣಭಯದಿಂದ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಅವನಿಗೆ ಬೋಧೆಯಾಗಲಿ ಗದರಿಕೆಯಾಗಲಿ ಬರುವುದಿಲ್ಲ. ಅವನು ಮಲಗುತ್ತಾನೆ, ದೂತನು ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಡುತ್ತಾನೆ, ತಿಂದು ಮತ್ತೆ ಮಲಗುತ್ತಾನೆ, ಮತ್ತೆ ಅದೇ ಉಪಚಾರ. ಪರ್ವತ, ಗಾಳಿ, ಭೂಕಂಪ, ಅಗ್ನಿ, ಆಮೇಲಿನ ಮೆಲುದನಿ, ಇವೆಲ್ಲ ಅನಂತರದವು. ಬಳಲಿದ ಪ್ರವಾದಿಯ ಪ್ರಾರ್ಥನೆಗೆ ದೇವರಿತ್ತ ಮೊದಲ ಉತ್ತರ ನಿದ್ರೆ.

‘ಐ ವೇಕ್’ ಎಂಬ ಸುನೀತದಲ್ಲಿ ಆ ನಿದ್ರೆಯೂ ಇಲ್ಲ. ಎಚ್ಚರಾದವನಿಗೆ ಬೆಳಕಿನ ಬದಲು ಕತ್ತಲೆ ತಾಕುತ್ತದೆ. ಇಲ್ಲಿ ವ್ಯಾಕರಣದ ಒಂದು ಸಂಗತಿ ಗಮನಾರ್ಹ. ಪ್ರಾರ್ಥನೆಯೆಂದರೆ ಮಧ್ಯಮ ಪುರುಷದ ಮಾತು. ‘ನೀನು’ ಎನ್ನದೆ ಪ್ರಾರ್ಥನೆಯಿಲ್ಲ. ಈ ಪದ್ಯದಲ್ಲಿ ‘ನೀನು’ ಎನ್ನಿಸಿಕೊಳ್ಳುವುದು ಕವಿಯ ಹೃದಯ. ದೇವರು ಪ್ರಥಮ ಪುರುಷದಲ್ಲಿ, ದೂರದಲ್ಲೆಲ್ಲೋ ಇರುವ ‘ಅವನು’ ಆಗಿಬಿಟ್ಟಿದ್ದಾನೆ. ಅವನಿಗೆ ಕಳುಹಿಸಿದ ಮೊರೆಗಳು ವಿಳಾಸದಾರನನ್ನು ಮುಟ್ಟದೆ ಅಂಚೆಯವರ ಕೈಯಲ್ಲಿ ಉಳಿದ ಕಾಗದಗಳಂತೆ. ಪ್ರತಿದಿನ ಪತ್ರ ಬರೆದು ಪತ್ರಕ್ಕಾಗಿ ಕಾಯುತ್ತಿದ್ದ ಪರವಾಸಿಗೆ ಈ ಉಪಮೆ ಸಹಜವಾಗಿಯೇ ಹೊಳೆದಿರಬೇಕು. ದಾಸರ ಪದಗಳಲ್ಲಿ ಪರಿಚಿತವಾದ ನಿಂದಾಸ್ತುತಿಯೊಡನೆ ಇದನ್ನು ಸಮೀಕರಿಸುವ ಆಸೆ ಕನ್ನಡ ಓದುಗನಿಗೆ ಹುಟ್ಟಬಹುದು. ಆದರೆ ನಿಂದಾಸ್ತುತಿಯಲ್ಲಿ ದೇವರು ಹತ್ತಿರದಲ್ಲಿದ್ದಾನೆ, ಬೈಗುಳವು ಸಲಿಗೆಯಿಂದ ಬಂದುದು, ಕೇಳುವ ಕಿವಿಯುಂಟೆಂಬ ಭರವಸೆಯೇ ಅದರ ಜೀವ. ಹಾಪ್ಕಿನ್ಸನಿಗೆ ಹತ್ತಿರವಾದದ್ದು ಎಂಬತ್ತೆಂಟನೆಯ ಕೀರ್ತನೆ. ನಮ್ಮ ಸತ್ಯವೇದವು ಇಬ್ರಿಯರ ಈ ಗೀತಗಳಿಗೆಲ್ಲ ‘ಕೀರ್ತನೆಗಳು’ ಎಂದು ಹೆಸರಿಟ್ಟಿರುವುದರಿಂದ ಅವೆಲ್ಲವೂ ಸ್ತುತಿಯೆಂಬ ಭಾವನೆ ಬರುವುದು ಸಹಜ. ಈ ಒಂದು ಮಾತ್ರ ಮೊದಲಿಂದ ಕೊನೆಯವರೆಗೆ ಮೊರೆಯಾಗಿ, ಸಮಾಧಾನದ ತಿರುವಿಲ್ಲದೆ ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಇಂಥದನ್ನು ಆರಾಧನೆಯ ಗ್ರಂಥದೊಳಗೆ ಉಳಿಸಿಕೊಂಡ ಪರಂಪರೆಗೆ, ಉತ್ತರ ಬಾರದ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂಬ ತಿಳಿವಳಿಕೆ ಇದ್ದಿರಬೇಕು. ಪಾದ್ರಿಯಾಗಿ ನಿತ್ಯವೂ ಲ್ಯಾಟಿನ್ನಿನಲ್ಲಿ ಕೀರ್ತನೆಗಳನ್ನು ಪಠಿಸುತ್ತಿದ್ದ ಕವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ಪೇಷನ್ಸ್’ ಎಂಬ ಸುನೀತವು ಎಂಟನೆಯ ನಿಯಮದ್ದು. ತಾಳ್ಮೆಯನ್ನು ಬೇಡುವುದೂ ಕಷ್ಟ, ಏಕೆಂದರೆ ಬೇಡಿದವನಿಗೆ ತಾಳಬೇಕಾದ ಗಾಯಗಳೂ ಜೊತೆಗೇ ದೊರೆಯುತ್ತವೆ ಎಂಬ ಅದರ ಒಳನೋಟ ಕಹಿಯಾದುದು. ಇಲ್ಲಿ ‘ನಾನು’ ಎಂಬ ಪದವಿಲ್ಲ. ಮಾತೆಲ್ಲ ‘ನಾವು’ ಎಂಬುದರ ಮೇಲೆ ನಡೆದಿದೆ. ಒಂಟಿಯಾಗಿ ಪ್ರಾರ್ಥಿಸಲಾರದವನು ಸಭೆಯ ಬಹುವಚನದೊಳಗೆ ಸೇರಿಕೊಂಡಿದ್ದಾನೆ. ಕ್ರಿಸ್ತನು ಕಲಿಸಿದ ಪ್ರಾರ್ಥನೆಯೂ ಬಹುವಚನದಲ್ಲಿಯೇ ಇದೆ.

ಆದರೆ ನಮ್ಮ ಎಣಿಕೆಯಲ್ಲಿ ಈ ಗುಂಪಿನ ಶ್ರೇಷ್ಠ ಕೃತಿ ‘ನೋ ವರ್ಸ್ಟ್’ ಅಲ್ಲ, ‘ಮೈ ಓನ್ ಹಾರ್ಟ್’. ಪ್ರತಿಮೆಗಳ ಅಬ್ಬರ ಇದರಲ್ಲಿ ಕಡಮೆ, ಆದಕಾರಣ ಖ್ಯಾತಿಯೂ ಕಡಮೆ. ಕವಿಯು ಇಲ್ಲಿ ತನ್ನ ಹೃದಯದ ಮೇಲೆ ತಾನೇ ಕರುಣೆಯಿಡಲು ನಿಶ್ಚಯಿಸುತ್ತಾನೆ. ತನ್ನನ್ನು ಒಬ್ಬ ಸಾಮಾನ್ಯ ಆಳನ್ನು ಕರೆಯುವ ಹೆಸರಿನಿಂದ ಕರೆದು, ಬಡಪಾಯಿ, ಸಾಕು, ಯೋಚನೆಗಳನ್ನು ಸ್ವಲ್ಪ ಹೊತ್ತು ಬೇರೆ ಕಡೆಗೆ ಅಟ್ಟು, ನೆಮ್ಮದಿಯು ಬೇರುಬಿಡಲು ಜಾಗ ಕೊಡು ಎಂದು ಬುದ್ಧಿ ಹೇಳುತ್ತಾನೆ. ಆ ಬಡಪಾಯಿಗೆ ಅವನು ಕೊಡುವ ವಿಶೇಷಣ ಯಾವುದು? ಸೆಪ್ಟೆಂಬರಿನ ಪತ್ರದಲ್ಲಿ ಕಂಡ ಅದೇ ‘ಜೇಡೆಡ್’. ಪತ್ರದಲ್ಲಿ ದೂರಾಗಿದ್ದ ಪದವು ಕವಿತೆಯಲ್ಲಿ ರೋಗದ ಗುರುತಾಗಿ, ಆ ಗುರುತಿಗೆ ತಕ್ಕ ಉಪಚಾರವೂ ದೊರೆತಿದೆ. ಸೋತ ಕುದುರೆಗೆ ಚಾಟಿಯಲ್ಲ, ಬಿಡುವು. ಗಂಟೆಗಿಂತ ಹೆಚ್ಚು ಕುಳಿತಿರು ಎಂಬ ಗುರುವಚನವನ್ನು ಶಿಷ್ಯನು ಇಲ್ಲಿ ಸದ್ದಿಲ್ಲದೆ ಮೀರಿದ್ದಾನೆ. ಮೀರಿದರೂ ಪರಂಪರೆಯ ಹೊರಗೆ ಹೋಗಿಲ್ಲ: ಆವಿಲದ ಸಂತ ತೆರೇಸಳು (1515–1582) ತನ್ನ ಆತ್ಮಚರಿತ್ರೆಯಲ್ಲಿ, ಶುಷ್ಕತೆಯು ದೇಹದ ಅಸ್ವಾಸ್ಥ್ಯದಿಂದ ಬಂದುದಾದರೆ ಆತ್ಮವನ್ನು ಹಿಂಸಿಸಬೇಡಿ, ಪ್ರಾರ್ಥನೆಯ ಹೊತ್ತನ್ನು ಬದಲಿಸಿ, ಹೊರಗೆ ಬಯಲಿಗೆ ಹೋಗಿ ಎಂದು ಹೇಳಿದ್ದಾಳೆ. ಸ್ಥಳ ಬದಲಾವಣೆಯೊಂದೇ ಪರಿಹಾರವೆಂದು ಬ್ರಿಜಸನಿಗೆ ಬರೆದವನು ಈ ಮಾತನ್ನು ಒಪ್ಪುತ್ತಿದ್ದನು.

ಇದನ್ನು ಪ್ರಾರ್ಥನೆಯೆನ್ನಬಹುದೆ, ಬರಿಯ ಸ್ವಗತವಲ್ಲವೆ, ಎಂಬ ಪ್ರಶ್ನೆ ಏಳುತ್ತದೆ. ದೇವರನ್ನು ಇಲ್ಲಿಯೂ ನೇರವಾಗಿ ಕರೆದಿಲ್ಲ. ಆದರೆ ಕೊನೆಯ ಸಾಲುಗಳಲ್ಲಿ ಅವನ ನಗೆಯ ಮಾತು ಬರುತ್ತದೆ: ಅದು ಹಿಂಡಿ ತೆಗೆಯತಕ್ಕದ್ದಲ್ಲ, ನಿರೀಕ್ಷಿಸದ ಗಳಿಗೆಯಲ್ಲಿ, ಎರಡು ಬೆಟ್ಟಗಳ ನಡುವಿನ ಆಕಾಶವು ಒಂದು ಹರದಾರಿ ದಾರಿಯನ್ನು ಬೆಳಗಿದಂತೆ ತಾನಾಗಿ ಬರುತ್ತದೆ. ಪ್ರಯತ್ನದಿಂದ ಪಡೆಯಲಾಗದುದಕ್ಕೆ ಪ್ರಯತ್ನವನ್ನು ನಿಲ್ಲಿಸಿ ಎಡೆಮಾಡಿಕೊಡುವುದು ಇಲ್ಲಿ ಪ್ರಾರ್ಥನೆಯ ಸ್ಥಾನದಲ್ಲಿ ನಿಂತಿದೆ. ಕೃಪೆಯನ್ನು ಕುರಿತ ಕ್ರೈಸ್ತ ಸಿದ್ಧಾಂತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಹೊಸದಾದುದು, ಅಂಕಗಳ ಭಿನ್ನಾಂಶಕ್ಕೂ ಲೆಕ್ಕವಿಡುತ್ತಿದ್ದ ಮನುಷ್ಯನು ಅದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡದ್ದು.

ಇಲ್ಲಿ ಒಂದು ಎಚ್ಚರಿಕೆ ಆವಶ್ಯಕ. ಹೋರಾಟದಿಂದ ಮೊರೆಗೆ, ಮೊರೆಯಿಂದ ತಾಳ್ಮೆಗೆ, ತಾಳ್ಮೆಯಿಂದ ವಿಶ್ರಾಂತಿಗೆ ಎಂದು ಕ್ರಮವಾಗಿ ಏರುವ ಕಥೆಯೊಂದನ್ನು ಈ ಆರು ಸುನೀತಗಳಿಂದ ಹೆಣೆಯುವುದು ಸುಲಭ. ನಾವು ಅನುಸರಿಸಿದ ಕ್ರಮವೂ ಅಂಥ ಭ್ರಮೆಗೆ ಎಡೆಕೊಟ್ಟೀತು. ಇವು ಮುದ್ರಣವನ್ನು ಕಂಡದ್ದು ಕವಿಯು ತೀರಿಕೊಂಡು ಮೂವತ್ತು ವರ್ಷವಾಗುತ್ತ ಬಂದಾಗ, ಬ್ರಿಜಸನು ಸಂಪಾದಿಸಿದ 1918ರ ಸಂಪುಟದಲ್ಲಿ. ಅದರ 750 ಪ್ರತಿಗಳು ಮಾರಾಟವಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ಸಂಪುಟದ ಅನುಕ್ರಮವಾಗಲಿ ಅನಂತರದ ಆವೃತ್ತಿಗಳ ಅನುಕ್ರಮವಾಗಲಿ ಸಂಪಾದಕರದು. ಕವಿಯು ವಿಶ್ರಾಂತಿಯಿಂದ ಮೊರೆಗೆ ಮರಳಿರಲೂಬಹುದು. ದಣಿವಿನ ಸ್ವಭಾವವನ್ನು ಬಲ್ಲವರಿಗೆ ಅದೇ ಹೆಚ್ಚು ಸಂಭಾವ್ಯವೆನ್ನಿಸುತ್ತದೆ.

ಮರಳಿದನೆಂಬುದಕ್ಕೆ 1889ರ ಸಾಕ್ಷ್ಯವಿದೆ. ಆ ವರ್ಷದ ಆರಂಭದಲ್ಲಿ ಟುಲ್ಲಬೆಗ್ ಎಂಬಲ್ಲಿ ಮೌನಧ್ಯಾನದಲ್ಲಿದ್ದಾಗ ಬರೆದ ಟಿಪ್ಪಣಿಗಳಲ್ಲಿ, ಐರ್ಲೆಂಡಿನಲ್ಲಿ ಕಳೆದ ಐದು ವರ್ಷಗಳಲ್ಲಿ ಕೈಹಾಕಿದುದೆಲ್ಲ ನಿಷ್ಫಲವಾಯಿತೆಂದು ಕೊರಗಿದ್ದಾನೆ. ಮಾರ್ಚ್ 17ರಂದು ಬರೆದ ‘ದೌ ಆರ್ಟ್ ಇಂಡೀಡ್ ಜಸ್ಟ್’ ಎಂಬ ಸುನೀತಕ್ಕೆ, ದುಷ್ಟರ ಮಾರ್ಗವೇಕೆ ಸಫಲವಾಗುತ್ತದೆಂದು ದೇವರೊಡನೆ ವ್ಯಾಜ್ಯಮಾಡುವ ಪ್ರವಾದಿ ಯೆರೆಮೀಯನ ಹನ್ನೆರಡನೆಯ ಅಧ್ಯಾಯವೇ ಆಧಾರ. ‘ನೀನು’ ಎಂಬ ಸಂಬೋಧನೆ ಇಲ್ಲಿ ಪೂರ್ಣವಾಗಿ ಹಿಂದಿರುಗಿದೆ. ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ತಾನು ಕಟ್ಟಲಾರೆನು. ಕೊನೆಯಲ್ಲಿ ಬೇಡುವುದು ತನ್ನ ಬೇರುಗಳಿಗೆ ಮಳೆ. ‘ಮೈ ಓನ್ ಹಾರ್ಟ್’ನಲ್ಲಿ ಬೇರಿಗೆ ಜಾಗವನ್ನು ಕೊಡಬೇಕಾದವನು ತಾನೇ ಆಗಿದ್ದನು, ಮಳೆಯನ್ನು ತಾನು ಕೊಡಲಾರನು. ಇಷ್ಟನ್ನು ಬೇಡಿದವನು ಅದೇ ಜೂನ್ 8ರಂದು ವಿಷಮಜ್ವರದಿಂದ ತೀರಿಕೊಂಡನು.

ಈ ಸುನೀತವನ್ನು ಕನ್ನಡಕ್ಕೆ ತರಲು ಮನಸ್ಸುಮಾಡುವವರು ಒಂದು ಪದದಲ್ಲಿ ತೊಡಕನ್ನು ಕಾಣುವರು. ಕವಿಯು ದೇವರನ್ನು ಪ್ರಭುವೆಂದೂ ಕರೆಯುತ್ತಾನೆ, ಅದರೊಡನೆಯೇ ‘ಸರ್’ ಎಂದೂ ಕರೆಯುತ್ತಾನೆ. ಮೊದಲನೆಯದು ಆರಾಧನೆಯ ಪದ. ಎರಡನೆಯದು ಮೇಲಧಿಕಾರಿಯ ಮುಂದೆ ಎದ್ದುನಿಂತ ಕೈಕೆಳಗಿನವನದು, ತಾಳ್ಮೆ ಮೀರದಂತೆ ಹಿಡಿದುಕೊಂಡು ಮರ್ಯಾದೆಯಿಂದ ಅಹವಾಲು ಹೇಳಿಕೊಳ್ಳುವವನದು. ಇವೆರಡರ ನಡುವಣ ಅಂತರದಲ್ಲಿಯೇ ಸುನೀತದ ಧ್ವನಿಯಿದೆ. ಕನ್ನಡದಲ್ಲಿ ‘ಸ್ವಾಮೀ’ ಎಂದರೆ ಗುಡಿಯಲ್ಲಿಯೂ ಸಲ್ಲುತ್ತದೆ, ಕಛೇರಿಯಲ್ಲಿಯೂ ಸಲ್ಲುತ್ತದೆ. ಒಂದೇ ಪದ ಎರಡನ್ನೂ ನುಂಗಿಬಿಡುತ್ತದೆ. ಅನುವಾದಕನು ‘ಪ್ರಭುವೇ’ ಎಂಬುದನ್ನು ಒಂದು ಕಡೆಗಿಟ್ಟು, ‘ಸ್ವಾಮೀ’ ಎಂಬುದನ್ನು ಕಛೇರಿಯ ಅರ್ಥದಲ್ಲಿಯೇ ಕೇಳಿಸುವಂತೆ ಸುತ್ತಲಿನ ವಾಕ್ಯವನ್ನು ಕಟ್ಟಬೇಕಾದೀತು.